ಬಾಗಿಲ ಹಿಂದಿನಿಂದ ಹಾಡಿದವಳು

ತಾಳ ತಪ್ಪಿದ್ದು ಅಂಗಳದಲ್ಲಿ. ಅಲ್ಲಿಯವರೆಗೆ ಆ ಹುಡುಗಿ ತಾಳ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಅಥವಾ ನೋಡಿದ ನೆನಪು ನನಗಿಲ್ಲ. ಇವೆರಡೂ ಒಂದೇ ಮಾತಲ್ಲ. ಆ ವಾರವೆಲ್ಲ ನನ್ನನ್ನು ಕಾಡಿದ್ದು ಇವೆರಡರ ನಡುವಿನ ವ್ಯತ್ಯಾಸವೇ.

ಪೀಣ್ಯದ ಒಳರಸ್ತೆಯೊಂದರಲ್ಲಿ, ಕಬ್ಬಿಣದ ಶೀಟು ಒತ್ತುವ ಕಾರ್ಖಾನೆಗೆ ಅಂಟಿಕೊಂಡಂತಿರುವ ಸರ್ಕಾರಿ ಪ್ರಾಥಮಿಕ ಶಾಲೆ ಅದು. ಟ್ರಸ್ಟ್ ಒಂದರ ಪರವಾಗಿ ನಾನು ಅಲ್ಲಿ ವಾರಕ್ಕೆ ಎರಡು ದಿನ ಚಿತ್ರ ಮತ್ತು ಸಂಗೀತ ಹೇಳಿಕೊಡುತ್ತಿದ್ದೆ. ಅದಕ್ಕಾಗಿ ಕೊಟ್ಟಿದ್ದ ಕೋಣೆ ಹಿಂದೆ ಬಿಸಿಯೂಟದ ಅಕ್ಕಿ ಬೇಳೆ ಇಡುತ್ತಿದ್ದ ಉಗ್ರಾಣ. ಗೋಡೆಯ ಆಚೆ ಬದಿಗೆ ಸರಿಯಾಗಿ ಕಾರ್ಖಾನೆಯ ಪವರ್ ಪ್ರೆಸ್. ಅದು ಬಿದ್ದಾಗೆಲ್ಲ ಬೆಂಚುಗಳು ಸಣ್ಣಗೆ ಅದುರುತ್ತಿದ್ದವು, ಬಣ್ಣದ ಬಟ್ಟಲಿನ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು. ಮೊದಲ ವಾರ ತಲೆನೋವು ಬಂತು. ಆಮೇಲೆ ಆ ಸದ್ದನ್ನೇ ಪಾಠಕ್ಕೆ ಸೇರಿಸಿಕೊಂಡೆ. ಪ್ರೆಸ್ಸಿನ ಪೆಟ್ಟಿಗೊಂದು ಚಪ್ಪಾಳೆ, ನಡುವಿನ ಬಿಡುವಿನಲ್ಲಿ ಎರಡು. ಮಕ್ಕಳು ಅದನ್ನು ದೊಡ್ಡ ಡೋಲು ಎಂದು ಕರೆಯತೊಡಗಿದರು.

ಮೂರನೇ ತರಗತಿಯಲ್ಲಿ ತಾಳಕ್ಕೆ ಆ ಹುಡುಗಿಯೇ ಮುಂದಾಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರಾಯಚೂರು ಕಡೆಯಿಂದ ಬಂದ ಕುಟುಂಬ. ಅಪ್ಪನಿಗೆ ಪಕ್ಕದ ರಸ್ತೆಯಲ್ಲಿ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕದಲ್ಲಿ ಕೆಲಸ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದವರು. ಹುಡುಗಿ ಮುಂದಿನ ಬೆಂಚಿನಲ್ಲಿ ಕೂತು, ಗದ್ದವನ್ನು ಹಲಗೆಯ ಮೇಲೆ ಇಟ್ಟು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬೋರಲು ಹಾಕಿದ ಪೇಂಟಿನ ಬಕೆಟ್ಟು, ಕೈಗೆ ಎರಡು ಕಡ್ಡಿ ಕೊಟ್ಟರೆ ಸಾಕು, ಗಡಿಯಾರದ ಹಾಗೆ ಬಾರಿಸುತ್ತಿದ್ದಳು. ದಸರಾ ರಜೆಗೆ ಮೊದಲು ಶಾಲೆಯಲ್ಲಿ ಶಾರದಾ ಪೂಜೆ. ಅವತ್ತಿನ ಹಾಡಿಗೆ ಬಕೆಟ್ ಬಾರಿಸಲು ನಾನು ಅವಳನ್ನೇ ಆರಿಸಿದ್ದು ಹೀಗೆ.

ಪೂಜೆಯ ವಾರ, ಅಭ್ಯಾಸಕ್ಕೆಂದು ತರಗತಿಯನ್ನು ಅಂಗಳಕ್ಕೆ ತಂದು ಟಾರ್ಪಾಲಿನ ಮೇಲೆ ಕೂರಿಸಿದೆ. ಹಾಡು ಶುರುವಾಯಿತು. ನಾನು ಎದುರಿಗೆ ನಿಂತು ಕೈ ಆಡಿಸುತ್ತಿದ್ದಷ್ಟು ಹೊತ್ತು ಎಲ್ಲ ಸರಿಯಿತ್ತು. ಹಿಂದಿನ ಸಾಲಿನಲ್ಲಿ ಜಗಳವಾಡುತ್ತಿದ್ದ ಇಬ್ಬರನ್ನು ಬಿಡಿಸಲು ಆ ಕಡೆ ತಿರುಗಿದೆ. ಅಷ್ಟರಲ್ಲಿ ಹಾಡು ಒಂದು ದಾರಿ, ಬಕೆಟ್ಟು ಒಂದು ದಾರಿ. ಮಕ್ಕಳು ಹಾಡು ನಿಲ್ಲಿಸಿ ನಗತೊಡಗಿದರು. ಅವಳು ಬಾರಿಸುತ್ತಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಗೆಳತಿ ಮೊಣಕೈಯಿಂದ ತಿವಿದ ಮೇಲೆಯೇ ಅವಳ ಕಡ್ಡಿಗಳು ನಿಂತವು.

ತರಗತಿಯ ಶಿಕ್ಷಕಿ ಕಂಬಕ್ಕೆ ಒರಗಿ ನೋಡುತ್ತಿದ್ದರು. "ಬೇರೆಯವ್ರನ್ನ ಕೂರ್ಸಿ ಸಾರ್. ಹೆಂಗೂ ಇವಳು ಶನಿವಾರದವರೆಗೆ ತಾನೇ."

"ಯಾಕೆ, ಆಮೇಲೆ?"

"ಅವರಪ್ಪ ಟೀಸಿ ಕೇಳಿದಾರೆ. ಊರಲ್ಲಿ ಅಜ್ಜಿ ಮನೆಗೆ ಕಳಿಸ್ತಾರಂತೆ. ಅಮ್ಮ ವಾಪಸ್ ಗಾರ್ಮೆಂಟ್ಸಿಗೆ ಸೇರ್ಬೇಕು, ಕೈಗೂಸು ಇದೆ. ಅದೂ ಊರಿಗೇ, ಅದನ್ನ ನೋಡ್ಕೊಳ್ಳೋಕೆ ಇವಳು."

"ಸ್ಕೂಲು?"

"ಅಲ್ಲಿ ಸೇರಿಸ್ತೀವಿ ಅಂತಾರೆ. ಸೇರಿಸಲ್ಲ, ನಂಗೆ ಗೊತ್ತು. 'ಹೆಂಗೂ ಈಕಿಗೆ ತಲಿಗೆ ಹತ್ತಂಗಿಲ್ಲ ಮೇಡಂ' ಅಂತ ಅವರೇ ಹೇಳಿದ್ರು." ಅವರು ದನಿ ತಗ್ಗಿಸಿದರು. "ನಾನೂ ಇಲ್ಲ ಅನ್ನೋಕಾಗಲಿಲ್ಲ ಸಾರ್. ಹಟ ಅವಳಿಗೆ. ಒಂದ್ಸಲ ಕರೆದ್ರೆ ತಿರುಗ್ತಾಳೆ, ಇನ್ನೊಂದ್ಸಲ ಕಂಬ ನಿಂತಂಗೆ ನಿಂತಿರ್ತಾಳೆ. ಡಿಕ್ಟೇಷನ್ ಕೊಟ್ರೆ ಪಕ್ಕದವಳದ್ದು ನೋಡಿ ಬರೀತಾಳೆ."

ಒಮ್ಮೆ ತಿರುಗುತ್ತಾಳೆ, ಒಮ್ಮೆ ಇಲ್ಲ. ಆ ಮಾತು ನನ್ನಲ್ಲಿ ಉಳಿಯಿತು. ಹಟ ಇರುವ ಮಗು ತಾಳವನ್ನೂ ಹಟದಿಂದ ತಪ್ಪಿಸುತ್ತದೆಯೇ? ಮಕ್ಕಳು ನಕ್ಕಾಗ ಅವಳ ಮುಖದಲ್ಲಿದ್ದುದು ಹಟವಲ್ಲ. ಬಸ್ ಹತ್ತಿದ ಮೇಲೆ ಇದು ತಪ್ಪು ಬಸ್ಸೇನೋ ಎಂದು ಅನುಮಾನ ಬಂದವರ ಮುಖ ಅದು.

ಮಧ್ಯಾಹ್ನ ಅವರನ್ನೆಲ್ಲ ಮತ್ತೆ ಕೋಣೆಗೆ ಕರೆದುಕೊಂಡು ಹೋದೆ. ಅವಳಿಗೆ ಬೆಂಚು ಕೊಡಲಿಲ್ಲ. ನಾಲ್ಕು ಜಮಖಾನಗಳನ್ನು ಮಡಚಿ ಒಂದರ ಮೇಲೊಂದು ಇಟ್ಟು, ಅದರ ಮೇಲೆ ಕೂರಿಸಿದೆ. ಎಲ್ಲರೂ ಕಣ್ಣು ಮುಚ್ಚಿ ನಾನು ತಟ್ಟಿದಂತೆ ತಟ್ಟಬೇಕು ಎಂದೆ. ಹಿಂದೆ ಹೋಗಿ ಬಾಗಿಲನ್ನು ಬೆರಳಿನಿಂದ ತಟ್ಟಿದೆ. ಅವಳು ತಪ್ಪಿಲ್ಲದೆ ತಟ್ಟಿದಳು. ಸಮಾಧಾನವಾಯಿತು. ನನ್ನ ಅನುಮಾನ ಸುಳ್ಳಾದರೆ ನನಗೆ ಸಾಮಾನ್ಯವಾಗಿ ಆಗುವ ಬೇಸರದ ಜತೆ ಬೆರೆತ ಸಮಾಧಾನ.

ಎರಡನೇ ಸಲ ತಟ್ಟುವಾಗ ಗೆಳತಿಯ ಬೆರಳು ಕಂಡಿತು. ಅದು ಅವಳ ಮೊಣಕೈಯನ್ನು ಒತ್ತುತ್ತಿತ್ತು, ಪೆಟ್ಟಿಗೊಂದು ಸಲ.

"ಏನ್ ಮಾಡ್ತಿದ್ದೀಯ?"

"ಹೇಳ್ಕೊಡ್ತಿದೀನಿ ಸಾರ್," ಎಂದಳು ಗೆಳತಿ, ಹೆಮ್ಮೆಯಿಂದಲೇ. ಅವಳು ಚಿಕ್ಕಬಾಣಾವರದಲ್ಲಿ ಹುಟ್ಟಿ ಬೆಳೆದವಳು, ಮಾತು ಪಟಪಟ. "ಯಾವಾಗ್ಲೂ ನಾನೇ ಹೇಳ್ಕೊಡೋದು. ಅವಳು ಸ್ಲೋ ಸಾರ್. ತಟ್ಟಿದ್ರೆ ಬೇಗ ಗೊತ್ತಾಗುತ್ತೆ ಅವಳಿಗೆ."

ಗೆಳತಿಯನ್ನು ದೂರ ಕೂರಿಸಿ, ನಮ್ಮ ಬಾಗಿಲಿನ ಆಟ ಆಡಿಸಿದೆ. ಶಾಲೆ ಶುರುವಾದ ಹೊಸತರಲ್ಲಿ ಆಡಿಸಿ, ಆಮೇಲೆ ನಾನು ಕೈಬಿಟ್ಟಿದ್ದ ಆಟ. ಒಬ್ಬರು ಬಾಗಿಲ ಆಚೆ ಹೋಗಿ ನಿಲ್ಲುತ್ತಾರೆ, ನಾನು ಒಳಗಿಂದ ಎರಡು ಸ್ವರ ಹಾಡುತ್ತೇನೆ, ಆಚೆಯಿಂದ ಅದೇ ಸ್ವರ ವಾಪಸು ಬರಬೇಕು. ನನ್ನ ಬಾಯಿ, ಕೈ ನೋಡಿ ನಕಲು ಮಾಡದಿರಲಿ ಎಂದೇ ಬಾಗಿಲು. ಸರಿಯಾಗಿ ಹಾಡಿದವರ ಕೈಗೆ ಒಂದು ಸ್ಟಾರ್ ಸ್ಟಿಕ್ಕರು. ಅವಳು ಹೊರಗೆ ಹೋದಳು. ಹಾಡಿದೆ. ಉತ್ತರವಿಲ್ಲ. ಇನ್ನೊಮ್ಮೆ ಹಾಡಿದೆ. ಬಾಗಿಲು ತೆಗೆದಾಗ ಅವಳು ಎರಡೂ ಅಂಗೈಯನ್ನು ಹಲಗೆಗೆ ಒತ್ತಿಕೊಂಡು ನಿಂತಿದ್ದಳು.

"ನಾಚಿಕೆ ಸಾರ್ ಅದಕ್ಕೆ," ಎಂದು ಹಿಂದಿನಿಂದ ಯಾರೋ ಕೂಗಿದರು.

ಇರಬಹುದು ಅನ್ನಿಸಿತು. ಬೆಳಿಗ್ಗೆಯಷ್ಟೇ ಎಲ್ಲರೂ ನಕ್ಕಿದ್ದರು. ಕೊನೆಯ ಪ್ರಯತ್ನವಾಗಿ ಅವಳನ್ನು ಹಾರ್ಮೋನಿಯಂ ಬಳಿ ಕರೆದು, ಅದರ ಮರಕ್ಕೆ ಗದ್ದ ಇಡು ಎಂದು ಸನ್ನೆ ಮಾಡಿದೆ. ಒಂದು ಸ್ವರದ ಮನೆ ಒತ್ತಿದೆ. ಅವಳು ನಕ್ಕು ಅದೇ ಸ್ವರವನ್ನು ಹಾಡಿದಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಚೀಲದಲ್ಲಿ ಶ್ರುತಿ ನೋಡುವ ಕವಲುಕಡ್ಡಿ ಇತ್ತು, ಟ್ಯೂನಿಂಗ್ ಫೋರ್ಕು. ಅದನ್ನು ಮಂಡಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದೆ. ಅವಳು ನನ್ನನ್ನು ಸುಮ್ಮನೆ ನೋಡಿದಳು. ಮತ್ತೆ ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿದೆ. ಅವಳ ಕಣ್ಣು ಅಗಲವಾಯಿತು.

ಎಲುಬಿನಿಂದ ಕೇಳುತ್ತದೆ, ಗಾಳಿಯಿಂದ ಕೇಳುವುದಿಲ್ಲ ಎಂದರೆ ಒಳಗಿನ ನರ ಸರಿಯಿದೆ, ದಾರಿಯಲ್ಲಿ ಏನೋ ಅಡ್ಡ ಇದೆ ಎಂದು ಎಲ್ಲೋ ಓದಿದ್ದೆ. ಎಲ್ಲಿ ಎಂದು ನೆನಪಿರಲಿಲ್ಲ. ಓದಿದ್ದು ಹೀಗೋ ಇದಕ್ಕೆ ಉಲ್ಟಾವೋ ಎಂಬುದೂ ಖಚಿತವಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ದಾವಣಗೆರೆ ಕಡೆಯವರು. ಮಾತು ಕಡಿಮೆ, ಆಡಿದರೆ ಖಡಕ್ಕು. ನಾನು ಹೇಳಿದ್ದನ್ನೆಲ್ಲ ಕೇಳಿ, "ಮೇಷ್ಟ್ರೇ, ನೀವು ಸಂಗೀತದವರೋ ಕಿವಿ ಡಾಕ್ಟರೋ?" ಎಂದರು.

"ಎರಡೂ ಪೂರ್ತಿ ಅಲ್ಲ ಮೇಡಂ. ನಾನು ಓದಿದ್ದು ಮನಃಶಾಸ್ತ್ರ."

"ಅದೊಂದು ಬಾಕಿ ಇತ್ತು ನೋಡ್ರಿ. ಆರೋಗ್ಯ ತಪಾಸಣೆಯವರು ಬಂದಿದ್ರಲ್ಲ, ಹಲ್ಲು ಕಣ್ಣು ಕಿವಿ ಎಲ್ಲ ಸರಿ ಅಂತ ಹೋಗಿದಾರೆ."

"ಈ ಸದ್ದಿನಲ್ಲಿ ಕಿವಿ ಹೇಗೆ ನೋಡಿರ್ತಾರೆ?"

ಅವರು ಗೋಡೆಯ ಕಡೆ ನೋಡಿದರು. ಪ್ರೆಸ್ಸು ಬೀಳುತ್ತಲೇ ಇತ್ತು. "ಸರಿ," ಎಂದರು. "ಸದ್ದಿಲ್ಲದೆ ನನ್ನೆದುರಿಗೆ ತೋರ್ಸಿ. ಆಮೇಲೆ ಅವರಪ್ಪನ ಜೊತೆ ಮಾತಾಡೋಣ. ಶನಿವಾರ ಟೀಸಿಗೆ ಸಹಿ ಹಾಕ್ಬೇಕು ನಾನು. ತಂದೆ ಕೇಳಿದ ಮೇಲೆ ಕಾರಣ ಇಲ್ದೆ ತಡೆಯೋಕೆ ಬರಲ್ಲ."

ಮರುದಿನ ನನ್ನ ಪಾಠದ ದಿನವಲ್ಲ, ಆದರೂ ಹೋದೆ. ಪ್ರೆಸ್ ಕಾರ್ಖಾನೆಯ ಸೂಪರ್‌ವೈಸರ್ ಗೇಟಿನ ಬಳಿಯೇ ಸಿಕ್ಕರು. ಮೊದಲು ಆ ಜಾಗವೆಲ್ಲ ಅವರ ಮನೆತನದ ರಾಗಿ ಹೊಲ ಆಗಿತ್ತಂತೆ.

"ಎಂಗೆ ಸಾರ್, ನಮ್ ಪ್ರೆಸ್ಸಿಗೂ ಸ್ವರ ಕಲಿಸ್ತೀರಂತೆ?"

"ಹತ್ತು ನಿಮಿಷ ಅದನ್ನ ನಿಲ್ಲಿಸ್ಬೇಕಿತ್ತು ಅಣ್ಣಾ."

"ನಿಲ್ಸೋದು ಅಂದ್ರೆ ಮನೆ ಫ್ಯಾನ್ ಆಫ್ ಮಾಡ್ದಂಗೆ ಅನ್ಕೊಂಡ್ರಾ? ನಮ್ ಓನರು ನನ್ನೇ ಪ್ರೆಸ್ಸಿನ ಡೈಗೆ ಕೊಟ್ಟು ಒತ್ತುಸ್ತಾರೆ."

ಕಾರಣ ಹೇಳಿದೆ. ಯಾವ ಮಗು ಎಂದು ಕೇಳಿದರು. ಪ್ಲೇಟಿಂಗ್‌ನಲ್ಲಿರುವವರ ಮಗಳು ಎಂದಾಗ ತಲೆ ಕೆರೆದುಕೊಂಡರು. "ಆ ಮಗೀನಾ? ದಿನಾ ಗೇಟ್ ಮುಂದೆ ಓಗ್ತದೆ. ಗಾಡಿ ಆರ್ನ್ ಒಡೆದ್ರೂ ಪಕ್ಕಕ್ಕೆ ಸರಿಯಲ್ಲ, ಏನ್ ಕೊಬ್ಬು ಅಂತ ನಾನೇ ಬೈದಿದೀನಿ." ಗೇಟಿನ ಒಳಗೆ ಒಮ್ಮೆ ತಿರುಗಿ ನೋಡಿದರು. "ಟೀ ಟೈಮಲ್ಲಿ ಉಡುಗ್ರು ಒರಗೆ ಬರ್ತಾರೆ, ಆಗ್ಲೂ ಮೋಟ್ರು ತಿರುಗ್ತಾನೇ ಇರ್ತದೆ. ಇವತ್ತು ಅದನ್ನೂ ಆಫ್ ಮಾಡುಸ್ತೀನಿ. ಆದ್ರೆ ಟೀ ಕುಡಿದು ಮುಗಿಯೋವರ್ಗೆ ಅಷ್ಟೇ. ನಮ್ ಉಡುಗ್ರು ಕುಡಿಯೋದು ಬಲು ಸ್ಪೀಡು."

ಟೀ ಹೊತ್ತಿಗೆ ಎಲ್ಲ ಸಿದ್ಧ ಮಾಡಿಕೊಂಡೆ. ಆ ಹುಡುಗಿ ಜಮಖಾನದ ರಾಶಿಯ ಮೇಲೆ, ನನಗೆ ಬೆನ್ನು ಹಾಕಿ. ಕೋಣೆಯ ಇನ್ನೊಂದು ಮೂಲೆಯಲ್ಲಿ ಗೆಳತಿ, ಅವಳೂ ಬೆನ್ನು ಹಾಕಿ. ಇಬ್ಬರ ಮುಂದೆ ಹಾಳೆ, ಕ್ರೇಯಾನು. ನಾನು ಹೇಳಿದ ಚಿತ್ರ ಬರೆಯಬೇಕು, ತಿರುಗಿ ನೋಡಬಾರದು. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತರು.

ಪ್ರೆಸ್ಸು ನಿಂತಿತು. ಮೋಟಾರಿನ ಗುಂಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ ಅದೂ ನಿಂತಿತು. ಶಾಲೆಯಲ್ಲಿ ಎಲ್ಲರೂ ತಲೆ ಎತ್ತಿದರು. ಪಕ್ಕದ ಕೋಣೆಯಿಂದ ಒಬ್ಬ ಶಿಕ್ಷಕರು ಹೊರಬಂದು, "ಕರೆಂಟ್ ಹೋಯ್ತಾ?" ಎಂದರು. ಗೆಳತಿ ಮೇಲೆ ನೋಡಿದಳು. ಈ ಹುಡುಗಿ ಹಾಳೆಯ ಅಂಚಿಗೆ ಬಳ್ಳಿ ಬಿಡಿಸುತ್ತಲೇ ಇದ್ದಳು. ಚಿತ್ರದಲ್ಲಿ ಮುಳುಗಿದ್ದಳು ಎಂದೂ ಹೇಳಬಹುದು. ನಾನು ಹಾಗೆಯೇ ಹೇಳಿಕೊಂಡೆ, ಅವಸರಪಡಬಾರದೆಂದು.

ಮಾಮೂಲಿಗಿಂತ ಸ್ವಲ್ಪ ಜೋರಾಗಿ "ಹೂವು" ಎಂದೆ. ಇಬ್ಬರೂ ಬರೆದರು. ದನಿ ಇಳಿಸಿ "ಕೊಡೆ" ಎಂದೆ. ಗೆಳತಿಯ ಕೈ ಓಡಿತು. ಇವಳ ಕ್ರೇಯಾನು ಹಾಳೆಯ ಮೇಲೆ ತುದಿಯೂರಿ ಕಾಯುತ್ತಿತ್ತು. ಮತ್ತೆ ಜೋರಾಗಿ "ಸೂರ್ಯ", ಇಬ್ಬರೂ ಬರೆದರು. ಮೆಲ್ಲಗೆ "ಬಾಳೆಹಣ್ಣು"; ಒಬ್ಬಳೇ. ಇನ್ನೇನು ಮುಗಿಸಬೇಕು ಎನ್ನುವಾಗ ಮುಖ್ಯೋಪಾಧ್ಯಾಯಿನಿ ಒಳಗೆ ಬಂದು, ಅವಳ ಬೆನ್ನಿನ ಹಿಂದೆ ಎರಡು ಮಾರು ದೂರದಲ್ಲಿ ನಿಂತು, ಮನೆಯಲ್ಲಿ ಮಗುವನ್ನು ಕರೆಯುವ ಮಾಮೂಲಿ ದನಿಯಲ್ಲಿ ಅವಳ ಹೆಸರನ್ನೇ ಕರೆದರು. ಗೆಳತಿ ತಿರುಗಿದಳು. ಇವಳು ತಿರುಗಲಿಲ್ಲ.

ಗೋಡೆಯಾಚೆ ಮೋಟಾರು ಮತ್ತೆ ಶುರುವಾಯಿತು.

"ಬೆಂಚು, ಬಾಗಿಲು, ಪಕ್ಕದವಳ ಕೈ," ಎಂದೆ ನಾನು ಹೊರಗೆ ಬಂದು. "ಈ ಕೋಣೆಯಲ್ಲಿ ಎಲ್ಲ ಅದುರುತ್ತೆ ಮೇಡಂ. ಅದರಿಂದಲೇ ತಾಳ ಹಿಡೀತಿದ್ದಳು. ನಮ್ಮ ದೊಡ್ಡ ಡೋಲು ಇಲ್ಲದಿದ್ದರೆ ಯಾವತ್ತೋ ಗೊತ್ತಾಗ್ತಿತ್ತು."

ಅವರು ಬೇರೇನೋ ಯೋಚಿಸುತ್ತಿದ್ದರು. "ಇದು ಯಾವಾಗಿಂದ?"

"ಅಂದರೆ?"

"ನೋಡ್ರಿ ಮೇಷ್ಟ್ರೇ, ಹುಟ್ಟಿದಾಗಿಂದ ಹೀಗೇ ಅಂದ್ರೆ ಅವರಪ್ಪ 'ಹಣೆಬರಹ' ಅಂತ ಊರಿಗೆ ಕರ್ಕೊಂಡು ಹೋಗ್ತಾರೆ. ಈಚೆಗೆ ಬಂದಿದ್ದು ಅಂದ್ರೆ ಆಸ್ಪತ್ರೆಗೆ ಬರ್ತಾರೆ. ನಾನು ಎಷ್ಟು ಜನ ಅಪ್ಪಂದಿರನ್ನ ನೋಡಿಲ್ಲ. ಅವರಿಗೆ ನಿಮ್ಮ ಫೋರ್ಕು ಗೀರ್ಕು ಬೇಡ. ಮುಂಚೆ ಚೆನ್ನಾಗಿ ಕೇಳ್ತಿದ್ದಳು ಅಂತ ಒಬ್ಬರು ಗಟ್ಟಿಯಾಗಿ ಹೇಳ್ಬೇಕು. ಹೇಳೋಕಾಗುತ್ತಾ ನಿಮಗೆ?"

ಆಗಲೇ ನಾನು ಜೂನ್ ತಿಂಗಳ ಆ ಬೆಳಿಗ್ಗೆಯನ್ನು ನೆನೆದದ್ದು.

ಶಾಲೆ ಶುರುವಾದ ಹೊಸತು, ಹೊರಗೆ ಹನಿ ಮಳೆ. ಬಾಗಿಲಿನ ಆಟವನ್ನು ಮೊದಲ ಸಲ ಆಡಿಸುತ್ತಿದ್ದೆ. ನಾನು ಹಾಡಿದ ಎರಡು ಸ್ವರಗಳು ಬಾಗಿಲಾಚೆಯಿಂದ ಹಾಗೇ ವಾಪಸು ಬಂದಿದ್ದವು, ಎಷ್ಟು ಶುದ್ಧವಾಗಿ ಎಂದರೆ ಕೈ ಹಾರ್ಮೋನಿಯಂ ಮೇಲೆಯೇ ನಿಂತುಬಿಟ್ಟಿತ್ತು. ಬಾಗಿಲು ತೆಗೆದೆ. ಎರಡು ಜಡೆ, ಕೆಂಪು ರಿಬ್ಬನ್ನು, ಈ ಹುಡುಗಿ. ಅವಳ ಕೈಗೆ ಸ್ಟಾರ್ ಅಂಟಿಸಿದ್ದೆ. ಮುಚ್ಚಿದ ಬಾಗಿಲಿನ ಆಚೆಯಿಂದ ಹಾಡಿದ್ದಳು ಎಂದರೆ ಆಗ ಕಿವಿ ಸರಿಯಿತ್ತು.

ಆದರೆ ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ ಎಂದು ನಾನು ಓದಿದವನು. ತೆಗೆದು ನೋಡಿದಾಗೆಲ್ಲ ಅದನ್ನು ನಾವು ಹೊಸದಾಗಿ ಕಟ್ಟುತ್ತೇವೆ, ಕಟ್ಟುವಾಗ ಆ ಹೊತ್ತಿಗೆ ಬೇಕಾದುದನ್ನು ಸೇರಿಸುತ್ತೇವೆ. ಆ ತರಗತಿಯಲ್ಲಿ ಎಲ್ಲ ಹುಡುಗಿಯರಿಗೂ ಎರಡು ಜಡೆ, ಕೆಂಪು ರಿಬ್ಬನ್ನು. ನನಗೆ ಈಗ ಆ ಮುಖ ಬೇಕಾಗಿತ್ತು, ಅದಕ್ಕೇ ಆ ಮುಖ ಕಾಣುತ್ತಿತ್ತೇ? ಬಾಗಿಲಾಚೆ ಅಂಗೈ ಒತ್ತಿ ನಿಂತವಳನ್ನು ಹಿಂದಿನ ದಿನವಷ್ಟೇ ಕಂಡಿದ್ದೆ. ಆ ಚಿತ್ರವೇ ಹಿಂದಕ್ಕೆ ಜಾರಿ ಜೂನ್‌ನಲ್ಲಿ ಕೂತಿರಬಹುದು.

"ನಾಳೆ ಹೇಳ್ತೀನಿ ಮೇಡಂ," ಎಂದೆ.

"ನಾಳೆ ಶುಕ್ರವಾರ. ಸಂಜೆ ಅವರಿಬ್ಬರನ್ನೂ ಕರೆಸ್ತೀನಿ."

ಒಂದು ದಾರಿ ಇತ್ತು. ಆ ಜೂನ್‌ನಲ್ಲೇ ಮಕ್ಕಳಿಂದ, ಕಣ್ಣು ಮುಚ್ಚಿ ಕೂತು ಕೇಳಿಸಿದ್ದನ್ನೆಲ್ಲ ಹಾಳೆಯ ಮೇಲೆ ಬಿಡಿಸುವ ಪಾಠ ಮಾಡಿಸಿದ್ದೆ. ಸೊಪ್ಪಿನವಳ ಕೂಗು, ಕುಕ್ಕರು, ಗುಬ್ಬಿ, ರೈಲು. ಅವಳ ಹಾಳೆ ಸಿಕ್ಕರೆ ಆಗ ಅವಳಿಗೆ ಏನೇನು ಕೇಳುತ್ತಿತ್ತು ಎಂದು ತಿಳಿಯುತ್ತಿತ್ತು. ಕಪಾಟು ಹುಡುಕಿದೆ. ಸಿಗಲಿಲ್ಲ. ತರಗತಿಯ ಶಿಕ್ಷಕಿಯನ್ನು ಕೇಳಿದರೆ, "ಆ ಬಣ್ಣದ ಹಾಳೆಗಳಾ? ಆಗಸ್ಟಲ್ಲಿ ತೋರಣಕ್ಕೆ ಕತ್ತರಿಸಿದ್ವಲ್ಲ ಸಾರ್. ನೀವೇ ಕತ್ತರಿ ಕೊಟ್ರಿ," ಎಂದರು. ಹೌದು, ಕೊಟ್ಟಿದ್ದೆ. ಅದಂತೂ ಸ್ಪಷ್ಟವಾಗಿ ನೆನಪಿತ್ತು. ಮಳೆಗೆ ನೆನೆದು ಬಣ್ಣ ಇಳಿದ ತೋರಣವನ್ನು ಯಾರೋ ಗುಡಿಸಿ ಹಾಕಿದ್ದರು.

ಶಿಕ್ಷಕಿಯನ್ನೇ ಕೇಳಿದೆ: ವರ್ಷದ ಮೊದಲಲ್ಲಿ ಅವಳು ಹೇಗಿದ್ದಳು? "ಹೀಗೇ ಅನ್ಸುತ್ತೆ ಸಾರ್," ಎಂದರು. ಮತ್ತೆ, "ಇಲ್ಲ, ಜೂನಲ್ಲಿ ಚೂಟಿಯಾಗಿದ್ದಳೇನೋ. ತುಂಬ ನೆಗಡಿ ಇರ್ತಿತ್ತು. ಗ್ಯಾರಂಟಿ ಹೇಳೋಕಾಗಲ್ಲ." ಅವರ ನೆನಪೂ ನನ್ನದರಷ್ಟೇ ಗಟ್ಟಿ. ಆದರೂ ಜೂನ್‌ನ ಆ ಹಾಡಿನ ವಿಷಯವನ್ನು ಶುಕ್ರವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಗೆ ಹೇಳಿದೆ.

ಶುಕ್ರವಾರ ಸಂಜೆ ಅಪ್ಪ ಕೆಲಸದಿಂದ ನೇರ ಬಂದರು, ಬೆರಳುಗಳ ತುದಿ ಆಸಿಡ್ಡಿಗೆ ಹಳದಿಯಾಗಿದ್ದವು. ಅಮ್ಮನ ಹೆಗಲ ಮೇಲೆ ಕೂಸು ನಿದ್ದೆ ಮಾಡುತ್ತಿತ್ತು. ಹುಡುಗಿ ಇಬ್ಬರ ನಡುವೆ ನಿಂತಳು. ಮುಖ್ಯೋಪಾಧ್ಯಾಯಿನಿ ಹಿಂದಿನ ದಿನ ಕಂಡದ್ದನ್ನು ಹೇಳಿದರು.

ಅಪ್ಪ ತಲೆಯಾಡಿಸಿದರು. "ನಮ್ಮ ಅಕ್ಕನೂ ಹಿಂಗ ಇದ್ಲ್ರಿ ಮೇಡಂ. ಕರದ್ರ ಒಮ್ಮೆ ಹೊಳ್ಳಿ ನೋಡಾಕಿ, ಒಮ್ಮೆ ಇಲ್ಲ. ಹುಟ್ಟಿದ್ದ ಹಂಗ. ಆಕಿಗೇನೂ ಮಾಡಾಕ ಆಗಲಿಲ್ಲ. ರವಿವಾರ ಬಸ್ ಐತ್ರಿ ನಮ್ಮದು, ಟಿಕೆಟ್ ತಗದೀವಿ."

"ಟೀವಿ ಬಾಳ ಜೋರ್ ಇಡಾಕತ್ಯಾಳ್ರಿ," ಎಂದರು ಅಮ್ಮ, ಯಾರಿಗೂ ಅಲ್ಲ ಎಂಬಂತೆ.

"ಆಕಿ ಮೊದಲಿಂದ ಹಂಗ ಇಡ್ತಾಳ."

"ಮೊದಲಿಂದ ಇಲ್ಲ."

"ನಿನಗೇನ್ ಗೊತ್ತು? ನೀ ಶಿಫ್ಟಿಗೆ ಹೋಗ್ತಿದ್ದಿ."

"ನೀ ಮನ್ಯಾಗ ಕೂತಿದ್ದೇನು?"

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ನೋಡಿದರು. "ಮೇಷ್ಟ್ರು ಜೂನಲ್ಲಿ ಇವಳ ಹಾಡು ಕೇಳಿದಾರೆ. ಹೇಳ್ರಿ ಮೇಷ್ಟ್ರೇ."

ಬಾಗಿಲಿನ ಆಟದ ಬಗ್ಗೆ ಹೇಳಿದೆ. ನನ್ನ ದನಿಯಲ್ಲಿ ಏನೋ ಅನುಮಾನ ಕಂಡಿರಬೇಕು, ಅಮ್ಮ ನಡುವೆಯೇ ತಡೆದರು.

"ಖರೇನ ಈಕಿನೇನ್ರಿ ಸರ? ಬಾಗ್ಲಾ ಹಾಕಿತ್ತು ಅಂತೀರಿ. ಖರೇನ ಈಕಿನ ಹಾಡಿದ್ಲಾ?"

ಯಾರೂ ನನ್ನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ, ನಾನೇ ಕೇಳಿಕೊಂಡಿರಲಿಲ್ಲ. ಇರಬಹುದು ಎನ್ನುವುದು ನನ್ನ ಮಟ್ಟಿಗೆ ಸತ್ಯವಾದ ಉತ್ತರ. ಆ ಉತ್ತರಕ್ಕೆ ಭಾನುವಾರದ ಬಸ್ಸು ನಿಲ್ಲುವುದಿಲ್ಲ ಎಂಬುದೂ ಗೊತ್ತಿತ್ತು. ಹೌದು ಎಂದು, ನಾಳೆ ಡಾಕ್ಟರು ಇದು ಹುಟ್ಟಿದಾಗಿನದು ಎಂದುಬಿಟ್ಟರೆ, ಇವರು ಇನ್ನು ಯಾವ ಶಾಲೆಯ ಮಾತನ್ನೂ ನಂಬುವುದಿಲ್ಲ. ಹುಡುಗಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು, ತಾಳ ಶುರುವಾಗುವ ಮುಂಚೆ ನೋಡುವ ಹಾಗೆ.

"ಹೌದಮ್ಮ," ಎಂದೆ. "ಇವಳೇ. ನಾನೇ ಕೇಳಿದ್ದೀನಿ."

ಅಮ್ಮ ಗಂಡನ ಕಡೆ ತಿರುಗಿದರು. ಅವರು ತಮ್ಮ ಹಳದಿ ಬೆರಳುಗಳನ್ನು ಒಮ್ಮೆ ನೋಡಿಕೊಂಡು, "ಹಂಗಂದ್ರ ನಾಳಿ ರಜಾ ಹಾಕ್ತೀನಿ," ಎಂದರು. "ಸರ, ನೀವೂ ಬರ್ರಿ. ಡಾಕ್ಟರ್ ಮುಂದ ನೀವ ಹೇಳ್ರಿ."

ಶನಿವಾರ ಶಾಲೆಯಲ್ಲಿ ಶಾರದಾ ಪೂಜೆ ನಡೆಯುವಾಗ ನಾವು ಸರ್ಕಾರಿ ಆಸ್ಪತ್ರೆಯ ಕಿವಿ ವಿಭಾಗದ ಸಾಲಿನಲ್ಲಿದ್ದೆವು. ಬಕೆಟ್ಟನ್ನು ಗೆಳತಿಗೆ ವಹಿಸಿ ಬಂದಿದ್ದೆ. ಕಾಯುವಾಗ ಅಪ್ಪ ಒಂದೆರಡು ಸಲ ಫೋನಿನಲ್ಲಿ ಬಸ್ಸಿನ ಟಿಕೆಟ್ಟು ತೆಗೆದು ನೋಡಿದರು. ಕ್ಯಾನ್ಸಲ್ ಮಾಡಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಪರೀಕ್ಷೆಗೆ ಬರೆದುಕೊಟ್ಟರು. ಸದ್ದಿಲ್ಲದ ಗಾಜಿನ ಕೋಣೆಯಲ್ಲಿ ಹುಡುಗಿಯ ತಲೆಗೆ ಹೆಡ್‌ಫೋನು ಹಾಕಿದರು; ಸದ್ದು ಬಂದಾಗ ಬಟನ್ ಒತ್ತಬೇಕು. ಗಾಜಿನ ಈಚೆಯಿಂದ ನಾವು ಮೂವರೂ ಅವಳ ಹೆಬ್ಬೆರಳನ್ನೇ ನೋಡುತ್ತ ನಿಂತೆವು. ಅದು ಅಲ್ಲಾಡದೆ ಬಹಳ ಹೊತ್ತಾಯಿತು. ಆಮೇಲೆ ಹೆಡ್‌ಫೋನು ತೆಗೆದು, ಕಿವಿಯ ಹಿಂದಿನ ಎಲುಬಿಗೆ ಸಣ್ಣ ಡಬ್ಬಿಯಂಥದ್ದನ್ನು ಒತ್ತಿ ಕೂರಿಸಿದರು. ಹೆಬ್ಬೆರಳು ಟಕ್ಕನೆ ಒತ್ತಿತು. ಮತ್ತೆ ಒತ್ತಿತು. ಅಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಎರಡೂ ಕಿವಿ ಪರದೆ ಹಿಂದೆ ನೀರು ಕಟ್ಕೊಂಡಿದೆ," ಎಂದರು ಡಾಕ್ಟರು, ಗೆರೆಗಳಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿ. "ಮಕ್ಕಳಲ್ಲಿ ಆಗ್ತಿರುತ್ತೆ. ಮೂಗಿನ ಹಿಂದೆ ಗಡ್ಡೆ ಊದ್ಕೊಂಡಿದೆ, ಅದರಿಂದ. ಒಳಗಿನ ನರ ಚೆನ್ನಾಗಿದೆ."

"ಹುಟ್ಟಿದಾಗಿಂದ ಐತೇನ್ರಿ?" ಅಪ್ಪ ಕೇಳಿದರು.

"ಇದು ಅಂಥದ್ದಲ್ಲ. ಯಾವಾಗ ಕಟ್ಕೊಂತು ಅಂತ ಮೆಷಿನ್ ಹೇಳಲ್ಲ. ಮುಂಚೆ ಕೇಳ್ತಿದ್ದಳಾ?"

"ಜೂನದಾಗ ಕೇಳ್ತಿತ್ತ್ರಿ," ಎಂದರು ಅಪ್ಪ, ನನಗಿಂತ ಮೊದಲೇ. "ಸರ ಕೇಳ್ಯಾರ. ಬಾಗ್ಲಾ ಹಾಕಿದಾಗ ಹಾಡ್ಯಾಳ ಈಕಿ."

ಡಾಕ್ಟರು ನನ್ನನ್ನು ಒಮ್ಮೆ ನೋಡಿ, ಅದನ್ನು ಚೀಟಿಯಲ್ಲಿ ಬರೆದುಕೊಂಡರು. ನಾನು ಬಾಯಿ ತೆರೆಯಲಿಲ್ಲ. ಮೊದಲು ಔಷಧಿ ಕೊಟ್ಟು ನೋಡೋಣ, ನೀರು ಇಳಿಯದಿದ್ದರೆ ಸಣ್ಣ ಆಪರೇಷನ್ನು, ಮಗು ಇಲ್ಲೇ ಇರಬೇಕು, ಮತ್ತೆ ಮತ್ತೆ ತೋರಿಸಬೇಕು ಎಂದರು. ಹೊರಗೆ ಬಂದು, ಎಳನೀರಿನ ಗಾಡಿಯ ಪಕ್ಕ ನಿಂತು, ಅಪ್ಪ ಟಿಕೆಟ್ ಕ್ಯಾನ್ಸಲ್ ಮಾಡಲು ಹೊರಟರು. ಅದು ಹೇಗೆಂದು ಅವರಿಗೆ ಗೊತ್ತಾಗದೆ ಫೋನು ನನ್ನ ಕೈಗೆ ಕೊಟ್ಟರು.

ಅಜ್ಜಿಯೇ ಊರಿನಿಂದ ಇಲ್ಲಿಗೆ ಬಂದರು. ಔಷಧಿಯಿಂದ ನೀರು ಇಳಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಆಪರೇಷನ್ನು ಆಯಿತು. ಗಡ್ಡೆ ತೆಗೆದು, ಕಿವಿಯ ಪರದೆಗೆ ಸಾಸಿವೆ ಕಾಳಿನಷ್ಟು ಸಣ್ಣ ಕೊಳವೆ ಇಟ್ಟಿದ್ದರು.

ಅವಳು ಶಾಲೆಗೆ ವಾಪಸು ಬಂದ ದಿನ ನನ್ನ ಪಾಠವಿತ್ತು. ಬೆಂಚಿನಲ್ಲಿ ಕೂತವಳು ಪ್ರೆಸ್ಸಿನ ಮೊದಲ ಪೆಟ್ಟಿಗೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಸಾರ್, ದೊಡ್ಡ ಡೋಲು ಯಾಕ್ರಿ ಇಷ್ಟು ಜೋರ್ ಮಾಡ್ಯಾರ?"

ತರಗತಿ ನಕ್ಕಿತು. ಈ ಸಲ ಅವಳೂ ನಕ್ಕಳು. ಬಕೆಟ್ ಬಾರಿಸುವುದು ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ. ಎಷ್ಟೊಂದು ಸದ್ದುಗಳು ಒಟ್ಟಿಗೆ ಬಂದು ಅವಳನ್ನು ಗಲಿಬಿಲಿ ಮಾಡುತ್ತಿದ್ದವು. ಕೊನೆಗೆ ಬಾಗಿಲಿನ ಆಟ. ಅವಳು ಹೊರಗೆ ಹೋದಳು. ನಾನು ಎರಡು ಸ್ವರ ಹಾಡಿದೆ. ಪ್ರೆಸ್ಸು ಒಂದು ಸಲ ಬಿತ್ತು, ಇನ್ನೊಂದು ಸಲ ಬಿತ್ತು. ಆಮೇಲೆ ಬಾಗಿಲಾಚೆಯಿಂದ ದನಿ ಬಂತು. ಎರಡನೇ ಸ್ವರ ಸ್ವಲ್ಪ ಇಳಿದಿತ್ತು. ಜೂನ್‌ನಲ್ಲಿ ಕೇಳಿದ ದನಿಯಂತೆ ಇರಲಿಲ್ಲ. ದಪ್ಪ ದನಿ, ಅಂಚು ಒರಟು.

ಸ್ಟಾರ್ ತೆಗೆದು ಅವಳ ಕೈಗೆ ಅಂಟಿಸುತ್ತಿದ್ದಾಗ ಗೆಳತಿ ಎದ್ದು ನಿಂತಳು.

"ಸಾರ್, ಇದು ಅವಳಿಗೆ ಎರಡನೇದು. ಮೊದಲ್ನೇದು ನಂದು."

"ಯಾವ ಮೊದಲ್ನೇದು?"

"ಮಳೆ ಬರ್ತಿತ್ತಲ್ಲ ಸಾರ್, ಅವತ್ತು. ಇಬ್ರೂ ಬಾಗಿಲ ಹಿಂದೆ ಇದ್ವಿ. ಅವಳಿಗೆ ಒಬ್ಬಳೇ ಹೋಗೋಕೆ ಭಯ ಅಂತ ನಾನೂ ಹೋಗಿದ್ದೆ. ಹಾಡಿದ್ದು ನಾನು. ನೀವು ಬಾಗಿಲು ತೆಗೆದು, ಮುಂದೆ ನಿಂತಿದ್ದವಳ ಕೈಗೆ ಅಂಟಿಸಿಬಿಟ್ರಿ."

"ಆವತ್ತೇ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ."

ಆ ಹುಡುಗಿಯ ಕಡೆ ತಿರುಗಿದೆ. ಅವಳು ಕೈಯ ಸ್ಟಾರನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. "ನಂಗ ಗೊತ್ತಿಲ್ರಿ ಸಾರ್. ನೀವು ಕೊಟ್ರಿ, ನಾ ತಗೊಂಡೆ."

ಗೆಳತಿಯ ನೆನಪನ್ನೂ ಕಣ್ಣು ಮುಚ್ಚಿ ನಂಬಬೇಕೆಂದಿಲ್ಲ. ಸ್ಟಾರಿನ ಆಸೆಗೆ ಹೇಳುತ್ತಿರಬಹುದು. ಆದರೂ ಅವಳು ಹಾಡಿ ತೋರಿಸಿದಾಗ, ಆ ಮಳೆಯ ಬೆಳಿಗ್ಗೆ ನನ್ನ ಕೈ ನಿಂತದ್ದು ಯಾಕೆಂದು ನನಗೆ ಅರ್ಥವಾಯಿತು. ಜೂನ್‌ನಲ್ಲಿ ಆ ಹುಡುಗಿಗೆ ಎಷ್ಟು ಕೇಳುತ್ತಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ನನ್ನ ಮಾತು ಹಾಗೇ ಉಳಿದಿದೆ.

ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಗೆ ಎಲ್ಲ ಹೇಳಿದೆ. ಅವರು ತಮ್ಮ ಕೆಲಸದಿಂದ ತಲೆ ಎತ್ತದೆ, "ಈಗ ಏನು, ಡಾಕ್ಟರ ಹತ್ರ ಹೋಗಿ ತಿದ್ದಿಸ್ತೀರಾ?" ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅವತ್ತು ನಿಮಗೆ ಗ್ಯಾರಂಟಿ ಇರಲಿಲ್ಲ ಅಂತ ನನಗೂ ಗೊತ್ತಿತ್ತು ಮೇಷ್ಟ್ರೇ. ಕೂತ್ಕೊಳ್ಳಿ, ಟೀ ಬರುತ್ತೆ."

ಗೆಳತಿಗೆ ಅವಳ ಸ್ಟಾರನ್ನು ಆಗಲೇ ಕೊಟ್ಟಿದ್ದೆ. ಅಂಟಿದೆಯೇ ಎಂದು ಅವಳು ಒತ್ತಿ ನೋಡಿಕೊಂಡು, "ಇಷ್ಟು ದಿನ ಕಾಯಿಸಿದ್ದಕ್ಕೆ ಇನ್ನೊಂದು ಕೊಡಿ ಸಾರ್," ಎಂದಳು. ಕೊಟ್ಟೆ. ಅಂದಿನಿಂದ ಬಾಗಿಲ ಹಿಂದೆ ಒಬ್ಬರೇ ಇದ್ದಾರೆಂದು ನೋಡಿಕೊಂಡೇ ಹಾಡುತ್ತೇನೆ.